ನಿಮಗಿದು ಗೊತ್ತೇ? ಹಡಗಿಳಿದು ಬಂದವರ ಅಮೆರಿಕ

1865ರಲ್ಲಿ ಅಂತರ್ಯುದ್ಧ ಮುಗಿಯಿತು. ಅಲ್ಲಿಂದ ಮೂವತ್ತೈದೇ ವರ್ಷಗಳಲ್ಲಿ, ಹೊಲಗದ್ದೆಗಳ ದೇಶವಾಗಿದ್ದ ಅಮೆರಿಕ ಜಗತ್ತಿನಲ್ಲೇ ಅತಿ ಹೆಚ್ಚು ಸರಕು ತಯಾರಿಸುವ ದೇಶವಾಯಿತು. ಅಲ್ಲಿ ಕುಲುಮೆ ಉರಿಸಿದವರು, ಲಾಭ ಎಣಿಸಿದವರು, ಮುಷ್ಕರ ಹೂಡಿದವರು, ಅದನ್ನು ಮುರಿದವರು ಎಲ್ಲರಲ್ಲೂ ಹಡಗಿಳಿದು ಬಂದವರು ತುಂಬಾ ಜನ. ಮೊದಲು ಬಂದವರೇ ಆಮೇಲೆ ಬಂದವರಿಗೆ ಬಾಗಿಲು ಹಾಕಲು ಓಡಿದ್ದು ಈ ಕಥೆಯ ಮಜಾ, ಸಂಕಟ ಎರಡೂ. ಸಿಕ್ಕ ಸಿಕ್ಕ ಕ್ರಮದಲ್ಲಿ ಕೆಲವು ಸಂಗತಿಗಳು ಇಲ್ಲಿವೆ.

★ 1883ರ ನವೆಂಬರ್ 18ರಂದು ಅಮೆರಿಕದ ಅನೇಕ ಊರುಗಳಲ್ಲಿ ಮಧ್ಯಾಹ್ನ ಹನ್ನೆರಡು ಎರಡು ಸಲ ಹೊಡೆಯಿತು! ಅಲ್ಲಿಯವರೆಗೆ ಸೂರ್ಯ ನೆತ್ತಿಗೆ ಬಂದಾಗ ಆಯಾ ಊರಿಗೆ ಹನ್ನೆರಡು ಗಂಟೆ. ರೈಲು ಓಡಿಸುವವರಿಗೆ ಇದೊಂದು ತಲೆನೋವು. ಕಂಪನಿಗಳೆಲ್ಲ ಸೇರಿ ದೇಶವನ್ನು ಕಾಲವಲಯಗಳಾಗಿ ಹಂಚಿಕೊಂಡು ಅಂದು ಗಡಿಯಾರ ತಿದ್ದಿದವು. ಸಂಸತ್ತನ್ನು ಯಾರೂ ಕೇಳಲಿಲ್ಲ. ಇದಕ್ಕೆ ಕಾನೂನು ಬಂದದ್ದು 1918ರಲ್ಲಿ, ಅಂದರೆ ಮೂವತ್ತೈದು ವರ್ಷ ತಡವಾಗಿ.

★ 1869ರ ಏಪ್ರಿಲ್ 28ರಂದು ಸೆಂಟ್ರಲ್ ಪೆಸಿಫಿಕ್ ರೈಲು ಕಂಪನಿ ಯೂಟಾದಲ್ಲಿ ಒಂದೇ ದಿನ ಹತ್ತು ಮೈಲಿ ಹಳಿ ಹಾಕಿಸಿತು. ಹಳಿಗಳನ್ನು ಎತ್ತಿ ಇಟ್ಟ ಎಂಟು ಐರಿಷ್ ಆಳುಗಳ ಹೆಸರು ಇಂದಿಗೂ ದಾಖಲೆಯಲ್ಲಿದೆ. ಅದೇ ದಿನ ಅದೇ ಹಳಿಗೆ ಬೆವರು ಹರಿಸಿದ ಚೀನೀ ಕೂಲಿಗಳ ಹೆಸರು ಮಾತ್ರ ಇಲ್ಲ. ಕಂಪನಿಯ ಸಂಬಳದ ಪುಸ್ತಕದಲ್ಲಿ ಹೆಚ್ಚಾಗಿ ಸಿಗುವುದು ಅವರ ಮೇಸ್ತ್ರಿಗಳ ಹೆಸರು. ಆಳುಗಳು ಬರೀ ಲೆಕ್ಕ. ಆ ಕಂಪನಿಯ ಕೆಲಸಗಾರರಲ್ಲಿ ಹತ್ತಕ್ಕೆ ಎಂಟಕ್ಕೂ ಹೆಚ್ಚು ಮಂದಿ ಚೀನೀಯರು ಎಂಬುದನ್ನು ನೆನಪಿಡಿ.

"ಬಾಯಿಲ್ಲದ ಜನ" ಎಂದು ಇವರನ್ನು ಹೊಗಳುತ್ತಿದ್ದ ಯಜಮಾನರಿಗೆ 1867ರ ಜೂನ್‌ನಲ್ಲೇ ಆಘಾತ ಕಾದಿತ್ತು. ಸಿಯೆರಾ ನೆವಾಡ ಬೆಟ್ಟಗಳಲ್ಲಿ ಬಂಡೆ ಸಿಡಿಸಿ ಸುರಂಗ ಕೊರೆಯುತ್ತಿದ್ದ ಸಾವಿರಾರು ಚೀನೀಯರು ಒಮ್ಮೆಲೇ ಉಪಕರಣ ಕೆಳಗಿಟ್ಟರು. ತಿಂಗಳಿಗೆ 40 ಡಾಲರ್ ಕೊಡಿ, ಸುರಂಗದೊಳಗಿನ ಪಾಳಿ ಎಂಟು ಗಂಟೆಗೆ ಇಳಿಸಿ ಎಂಬುದು ಬೇಡಿಕೆ. ಗಲಾಟೆಯಿಲ್ಲ, ಕಲ್ಲು ತೂರಾಟವಿಲ್ಲ. ಕಂಪನಿಯ ಚಾರ್ಲ್ಸ್ ಕ್ರಾಕರ್ ಮಾಡಿದ್ದು ಇಷ್ಟೇ: ಬೆಟ್ಟಕ್ಕೆ ಹೋಗುತ್ತಿದ್ದ ಆಹಾರ ಸಾಮಗ್ರಿ ನಿಲ್ಲಿಸಿದ. ಸುಮಾರು ಒಂದು ವಾರದಲ್ಲಿ ಮುಷ್ಕರ ಮುರಿದುಬಿತ್ತು.

★ ರೈಲು ಡಬ್ಬಿಗಳನ್ನು ಆಗ ಕೈಯಿಂದಲೇ ಜೋಡಿಸಬೇಕಿತ್ತು. ಈ ಕೆಲಸ ಮಾಡುತ್ತಿದ್ದ ಬ್ರೇಕ್‌ಮನ್‌ಗಳಲ್ಲಿ ಹಳಬ ಯಾರು ಎಂದು ತಿಳಿಯಲು ಅವನ ಕೈಯಲ್ಲಿ ಎಷ್ಟು ಬೆರಳು ಉಳಿದಿವೆ ಎಂದು ನೋಡಿದರೆ ಸಾಕಾಗಿತ್ತು. ತಾನೇ ತಾನಾಗಿ ಕೂಡಿಕೊಳ್ಳುವ ಕೊಂಡಿಗೆ ಈಲೈ ಜಾನಿ 1873ರಲ್ಲೇ ಪೇಟೆಂಟ್ ಪಡೆದಿದ್ದ. ಅದನ್ನು ಕಡ್ಡಾಯ ಮಾಡುವ ಕಾನೂನಿಗೆ 1893ರವರೆಗೆ ಕಾಯಬೇಕಾಯಿತು.

★ ಜೀನ್ಸ್ ಪ್ಯಾಂಟಿನ ಜೇಬಿನ ಮೂಲೆಯಲ್ಲಿರುವ ಆ ಪುಟ್ಟ ತಾಮ್ರದ ರಿವೆಟ್ ಇದೆಯಲ್ಲ, ಅದರ ಪೇಟೆಂಟ್ ದಿನಾಂಕ 1873ರ ಮೇ 20. ಯೋಚನೆ ಹೊಳೆದದ್ದು ರೀಗಾದಿಂದ ಬಂದ ದರ್ಜಿ ಜೇಕಬ್ ಡೇವಿಸ್‌ಗೆ, ಕಾಸು ಹಾಕಿದ್ದು ಬವೇರಿಯಾದಿಂದ ಬಂದ ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್. ಹೆಸರು ಯಾರದ್ದು ಉಳಿಯಿತು ಎಂದು ಹೇಳಬೇಕಿಲ್ಲ.

★ ಐರ್ಲೆಂಡಿನ ಕಾರ್ಕ್ ಎಂಬ ಒಂದೇ ಜಿಲ್ಲೆಯಿಂದ ಅಮೆರಿಕಕ್ಕೆ ಯಾರು ಯಾರು ಹೋದರು ನೋಡಿ. ಎಲ್ಲಿಸ್ ದ್ವೀಪದ ವಲಸೆ ಕೇಂದ್ರದಲ್ಲಿ ಮೊಟ್ಟಮೊದಲು ಹೆಸರು ಬರೆಸಿದ ಆನಿ ಮೂರ್. ಗಿರಣಿಯ ಮಕ್ಕಳನ್ನು ಕರೆದುಕೊಂಡು 1903ರಲ್ಲಿ ಫಿಲಡೆಲ್ಫಿಯಾದಿಂದ ಅಧ್ಯಕ್ಷ ರೂಸ್‌ವೆಲ್ಟರ ಮನೆಯತ್ತ ಮೆರವಣಿಗೆ ಹೊರಟ ಮದರ್ ಜೋನ್ಸ್. ಹೆನ್ರಿ ಫೋರ್ಡ್‌ನ ಅಪ್ಪ ವಿಲಿಯಂ ಫೋರ್ಡ್. ಜೊತೆಗೆ, ಕ್ಯಾಲಿಫೋರ್ನಿಯಾದಲ್ಲಿ 1877ರ ಸುಮಾರಿಗೆ ಚೀನೀಯರು ತೊಲಗಲೇಬೇಕು ಎಂದು ಊರೂರಲ್ಲಿ ಭಾಷಣ ಬಿಗಿದ ಡೆನಿಸ್ ಕಿಯರ್ನಿ. ಇವನೂ ಹೊಟ್ಟೆಪಾಡಿಗೆ ಬಂದವನೇ, ಚೀನೀಯರೂ ಹೊಟ್ಟೆಪಾಡಿಗೆ ಬಂದವರೇ. ಓಟು ಮಾತ್ರ ಇವನಿಗಿತ್ತು, ಅವರಿಗಿರಲಿಲ್ಲ.

★ ಕಿಯರ್ನಿಯಂಥವರ ಕೂಗು 1882ರ ಮೇ 6ರಂದು ಕಾನೂನಾಯಿತು. ಹತ್ತು ವರ್ಷ ಚೀನೀ ಕೂಲಿಗಳಿಗೆ ಪ್ರವೇಶವಿಲ್ಲ, ಚೀನೀಯರಿಗೆ ಪೌರತ್ವವೂ ಇಲ್ಲ. ಮೂರು ವರ್ಷದ ನಂತರ, 1885ರ ಸೆಪ್ಟೆಂಬರ್ 2ರಂದು, ವಯೋಮಿಂಗ್‌ನ ರಾಕ್ ಸ್ಪ್ರಿಂಗ್ಸ್ ಕಲ್ಲಿದ್ದಲ ಗಣಿಯ ಬಿಳಿಯ ಕಾರ್ಮಿಕರು ಚೀನೀಯರ ಕೇರಿಗೆ ನುಗ್ಗಿ 28 ಜನರನ್ನು ಕೊಂದು ಮನೆಗಳಿಗೆ ಬೆಂಕಿಯಿಟ್ಟರು. ಒಬ್ಬರಿಗೂ ಶಿಕ್ಷೆಯಾಗಲಿಲ್ಲ. 1892ರಲ್ಲಿ ನಿಷೇಧವನ್ನು ಇನ್ನೂ ಹತ್ತು ವರ್ಷ ಮುಂದುವರಿಸಿದ್ದಲ್ಲದೆ, ಅಮೆರಿಕದಲ್ಲಿರುವ ಪ್ರತಿಯೊಬ್ಬ ಚೀನೀ ಕೂಲಿಯೂ ಗುರುತಿನ ಪತ್ರ ಇಟ್ಟುಕೊಂಡೇ ಓಡಾಡಬೇಕು ಎಂದರು. ಸಾವಿರಾರು ಜನ ಮಾಡಿಸುವುದಿಲ್ಲ ಎಂದು ಕೂತರು, ನ್ಯಾಯಾಲಯಕ್ಕೂ ಹೋದರು, ಸೋತರು. ನಿಷೇಧ ಪೂರ್ತಿ ತೆರವಾದದ್ದು 1943ರಲ್ಲಿ. ಆಗಲೂ ಉದಾರವಾಗಿ ಕೊಟ್ಟ ಪ್ರವೇಶ ವರ್ಷಕ್ಕೆ 105 ಜನರಿಗೆ.

★ "ಇಲ್ಲಿ ನಿಮಗೆ ಕೆಲಸ ಗೊತ್ತಾಗಿದೆಯೇ?" ವಲಸೆ ಅಧಿಕಾರಿ ಹೀಗೆ ಕೇಳಿದರೆ ನೀವೇನು ಹೇಳುತ್ತೀರಿ? ಹೌದು ಅಂದರೆ ವಾಪಸ್ ಹಡಗು! 1885ರ ಕಾನೂನಿನ ಪ್ರಕಾರ ಮೊದಲೇ ಕರಾರು ಮಾಡಿಕೊಂಡು ಹೊರದೇಶದಿಂದ ಕೂಲಿಗಳನ್ನು ತರಿಸುವಂತಿರಲಿಲ್ಲ. ಅಗ್ಗದ ಆಳುಗಳನ್ನು ತಂದು ಮುಷ್ಕರ ಮುರಿಯುತ್ತಾರೆಂದು ಕಾರ್ಮಿಕ ಸಂಘಗಳೇ ಹಟ ಹಿಡಿದು ಮಾಡಿಸಿದ ಕಾನೂನು ಅದು. ಹಾಗಂತ ಕೆಲಸ ಸಿಗುವ ನಂಬಿಕೆಯೇ ಇಲ್ಲ ಅಂದರೂ ಕಷ್ಟ, ಸರ್ಕಾರಕ್ಕೆ ಹೊರೆಯಾಗುವವನೆಂದು ಹಿಂದಕ್ಕಟ್ಟುತ್ತಿದ್ದರು. ಅಡಕತ್ತರಿಗೆ ಸಿಕ್ಕ ಅಡಕೆಯ ಪಾಡು. ಬಲ್ಲವರು ಊರಿಂದ ಹೊರಡುವ ಮೊದಲೇ ಉತ್ತರ ಬಾಯಿಪಾಠ ಮಾಡಿಸುತ್ತಿದ್ದರು.

ಈ ಕಾನೂನಿಗೆ ಸಿಕ್ಕಿಬಿದ್ದ ಒಬ್ಬ "ಕೂಲಿ" ಯಾರು ಗೊತ್ತೇ? ನ್ಯೂಯಾರ್ಕಿನ ಹೋಲಿ ಟ್ರಿನಿಟಿ ಚರ್ಚು ಇಂಗ್ಲೆಂಡಿನಿಂದ ಕರೆಸಿಕೊಂಡ ಪಾದ್ರಿ! ಪಾದ್ರಿಗಳನ್ನು ತಡೆಯುವುದು ಸಂಸತ್ತಿನ ಉದ್ದೇಶವಾಗಿರಲಾರದು ಎಂದು 1892ರಲ್ಲಿ ಸುಪ್ರೀಂ ಕೋರ್ಟು ಹೇಳಿ ಚರ್ಚನ್ನು ಬಚಾವು ಮಾಡಿತು.

★ ಎಲ್ಲಿಸ್ ದ್ವೀಪದಲ್ಲಿ ಗುಮಾಸ್ತರು ವಲಸಿಗರ ಹೆಸರು ಬದಲಾಯಿಸಿಬಿಡುತ್ತಿದ್ದರು ಎಂಬುದು ಸಿನಿಮಾಗಳಿಗೆ ಇಷ್ಟದ ಕಥೆ. ನಿಜವಲ್ಲ. ಅವರ ಮುಂದಿರುತ್ತಿದ್ದದ್ದು ಹಡಗು ಹೊರಟ ಬಂದರಿನಲ್ಲೇ ಬರೆದ ಪಟ್ಟಿ; ಅದರಲ್ಲಿರುವ ಹೆಸರಿಗೆ ಗುರುತು ಹಾಕುವುದಷ್ಟೇ ಇವರ ಕೆಲಸ. ಹೆಸರನ್ನು ಮೊಟಕು ಮಾಡಿಕೊಂಡವರು ಹೆಚ್ಚಾಗಿ ತಾವೇ, ಊರು ಸೇರಿದ ಮೇಲೆ.

★ ಮೊದಲ ಮತ್ತು ಎರಡನೇ ದರ್ಜೆಯ ಪ್ರಯಾಣಿಕರು ಸಾಮಾನ್ಯವಾಗಿ ಆ ದ್ವೀಪವನ್ನು ತುಳಿಯಲೇ ಇಲ್ಲ. ಅವರ ತಪಾಸಣೆ ಹಡಗಿನಲ್ಲೇ ಮುಗಿಯುತ್ತಿತ್ತು. ಸಾಲಿನಲ್ಲಿ ನಿಂತವರು ಹಡಗಿನ ತಳದಲ್ಲಿ ಬಂದವರು.

★ ಮೇಲೆ ಹೇಳಿದ ಆನಿ ಮೂರ್ ಇಳಿದದ್ದು 1892ರ ಜನವರಿ 1ರಂದು, ಇಬ್ಬರು ತಮ್ಮಂದಿರ ಕೈಹಿಡಿದು. ಅಧಿಕಾರಿಗಳು ಹತ್ತು ಡಾಲರಿನ ಚಿನ್ನದ ನಾಣ್ಯ ಕೊಟ್ಟರು, ಪತ್ರಿಕೆಗಳು ಹುಡುಗಿಗೆ ಹದಿನೈದು ಎಂದು ಬರೆದವು, ನಿಜಕ್ಕೂ ಹದಿನೇಳು. ಆಮೇಲೆ ಅವಳು ಟೆಕ್ಸಾಸಿಗೆ ಹೋದಳೆಂದು ದಶಕಗಟ್ಟಲೆ ಎಲ್ಲರೂ ನಂಬಿದ್ದರು. ಅದು ಬೇರೊಬ್ಬ ಆನಿ ಮೂರ್ ಎಂದು ಗೊತ್ತಾದದ್ದು 2006ರಲ್ಲಿ. ನಮ್ಮ ಆನಿ ನ್ಯೂಯಾರ್ಕಿನ ಬಡವರ ಬೀದಿಗಳಲ್ಲೇ ಬಾಳಿ 1924ರಲ್ಲಿ ತೀರಿಕೊಂಡಿದ್ದಳು.

★ ಸ್ವಾತಂತ್ರ್ಯ ದೇವಿಯ ಪ್ರತಿಮೆ ಫ್ರಾನ್ಸಿನ ಕೊಡುಗೆ, ಸರಿ. ಪೀಠಕ್ಕೆ ದುಡ್ಡು? ಶ್ರೀಮಂತರು ಕೈ ಬಿಚ್ಚದಿದ್ದಾಗ ಹಂಗೆರಿಯಿಂದ ಬಂದಿದ್ದ ಪತ್ರಿಕಾ ಮಾಲೀಕ ಜೋಸೆಫ್ ಪುಲಿಟ್ಜರ್, ಎಷ್ಟೇ ಚಿಲ್ಲರೆ ಕೊಟ್ಟರೂ ಹೆಸರು ಅಚ್ಚು ಹಾಕುತ್ತೇನೆ ಎಂದ. 1885ರಲ್ಲಿ ಐದೇ ತಿಂಗಳಲ್ಲಿ ಲಕ್ಷ ಡಾಲರ್ ದಾಟಿತು. ಕೊಟ್ಟವರು ಲಕ್ಷಕ್ಕೂ ಹೆಚ್ಚು ಜನ, ಬಹುಪಾಲು ಮಂದಿ ಒಂದು ಡಾಲರಿಗಿಂತ ಕಡಿಮೆ. ಮರುವರ್ಷ ಉದ್ಘಾಟನೆಗೆ ಪ್ರತಿಮೆಯಿರುವ ದ್ವೀಪದೊಳಗೆ ಬಿಟ್ಟದ್ದು ಬೆರಳೆಣಿಕೆಯ ಹೆಂಗಸರನ್ನು. ಸ್ವಾತಂತ್ರ್ಯಕ್ಕೆ ಹೆಣ್ಣಿನ ರೂಪ ಕೊಟ್ಟು ಹೆಣ್ಣಿಗೆ ಓಟು ಕೊಡದ ದೇಶವೇ ಎಂದು ಮಹಿಳಾ ಹೋರಾಟಗಾರರು ಬಾಡಿಗೆ ಹಡಗು ಹಿಡಿದು ಬಂದರಿನಲ್ಲೇ ಸುತ್ತು ಹಾಕಿ ಪ್ರತಿಭಟಿಸಿದರು.

★ ಈಗ ಸ್ವಲ್ಪ ನಿಧಾನವಾಗಿ ಹೇಳಬೇಕಾದ ಕಥೆ. ಸ್ಕಾಟ್ಲೆಂಡಿನ ಡನ್‌ಫರ್ಮ್‌ಲಿನ್‌ನಲ್ಲಿ ಒಬ್ಬ ಕೈಮಗ್ಗದ ನೇಕಾರ. ಉಗಿಮಗ್ಗ ಬಂದು ಅವನ ಕಸುಬು ಹಾಳಾಯಿತು. ದುಡಿಯುವವರಿಗೆ ಓಟಿನ ಹಕ್ಕು ಕೇಳುತ್ತಿದ್ದ ಚಾರ್ಟಿಸ್ಟ್ ಚಳವಳಿಯಲ್ಲಿ ಅವನೂ ಇದ್ದ. 1848ರಲ್ಲಿ ಸಂಸಾರ ಕಟ್ಟಿಕೊಂಡು ಅಮೆರಿಕಕ್ಕೆ ಬಂದ. ಹದಿಮೂರರ ಮಗ ಹತ್ತಿ ಗಿರಣಿಯಲ್ಲಿ ವಾರಕ್ಕೆ 1 ಡಾಲರ್ 20 ಸೆಂಟಿಗೆ ದುಡಿಯತೊಡಗಿದ. ಮಗನ ಹೆಸರು ಆಂಡ್ರ್ಯೂ ಕಾರ್ನೆಗಿ.

ಅದೇ ಸ್ಕಾಟ್ಲೆಂಡಿನ ಗ್ಲಾಸ್ಗೋದಲ್ಲಿ ಪೀಪಾಯಿ ಮಾಡುವ ಇನ್ನೊಬ್ಬ ಹುಡುಗ, ಅವನೂ ಚಾರ್ಟಿಸ್ಟ್, 1842ರಲ್ಲಿ ಅಮೆರಿಕಕ್ಕೆ ಹಾರಿದ. ಹೆಸರು ಆಲನ್ ಪಿಂಕರ್ಟನ್. ಅವನು ಕಟ್ಟಿದ ಪತ್ತೇದಾರಿ ಸಂಸ್ಥೆಯನ್ನು ಕಾರ್ಖಾನೆ ಮಾಲೀಕರು ಮುಷ್ಕರಗಳ ವಿರುದ್ಧ ಬಾಡಿಗೆಗೆ ಪಡೆಯುತ್ತಿದ್ದರು.

ಈ ಎರಡು ದಾರಿ ಕೂಡಿದ್ದು 1892ರ ಜುಲೈ 6ರಂದು, ಪಿಟ್ಸ್‌ಬರ್ಗ್ ಬಳಿಯ ಹೋಮ್‌ಸ್ಟೆಡ್‌ನಲ್ಲಿ. ಕಾರ್ಮಿಕ ಸಂಘದ ಜೊತೆ ಜಗಳವಾಗಿ ಕಾರ್ನೆಗಿಯ ಉಕ್ಕಿನ ಕಾರ್ಖಾನೆಗೆ ಬೀಗ ಬಿದ್ದಿತ್ತು. ವ್ಯವಸ್ಥಾಪಕ ಹೆನ್ರಿ ಫ್ರಿಕ್ ಕರೆಸಿದ ಸುಮಾರು 300 ಪಿಂಕರ್ಟನ್ ಆಳುಗಳು ಮನಾಂಗಹೀಲ ನದಿಯಲ್ಲಿ ದೋಣಿಗಳಲ್ಲಿ ಬಂದರು. ದಡದಲ್ಲಿ ಇಡೀ ಊರು ಕಾದಿತ್ತು. ದಿನವಿಡೀ ಗುಂಡು ಹಾರಿ ಎರಡೂ ಕಡೆ ಹೆಣ ಬಿತ್ತು. ಪಿಂಕರ್ಟನ್‌ಗಳು ಶರಣಾದರು, ಆದರೆ ರಾಜ್ಯದ ಸೈನ್ಯ ಬಂತು, ಸಂಘ ಮುಗಿಯಿತು. ಪಿಂಕರ್ಟನ್ ಆಗಲೇ ತೀರಿಕೊಂಡಿದ್ದ. ಕಾರ್ನೆಗಿ ಆ ಹೊತ್ತಿಗೆ ಸ್ಕಾಟ್ಲೆಂಡಿನಲ್ಲಿ ಬೇಸಿಗೆ ಕಳೆಯುತ್ತಿದ್ದ.

ಆರು ವರ್ಷದ ನಂತರ ಕಾರ್ನೆಗಿ ಅದೇ ಹೋಮ್‌ಸ್ಟೆಡ್‌ನ ಜನರಿಗೆ ಗ್ರಂಥಾಲಯ ಕಟ್ಟಿಸಿಕೊಟ್ಟ. ಅಮೆರಿಕದಲ್ಲಿ ಅವನ ಹಣದಿಂದ ಎದ್ದ ಗ್ರಂಥಾಲಯಗಳು 1,689. ಹನ್ನೆರಡು ಗಂಟೆ ಕುಲುಮೆಯ ಮುಂದೆ ಬೆಂದು ಬಂದವನು ಪುಸ್ತಕ ಯಾವಾಗ ಓದಬೇಕು ಎಂದು ಕೆಲಸಗಾರರು ಕೇಳಿದ್ದರಲ್ಲಿ ತಪ್ಪೇನಿದೆ? ಉಕ್ಕಿನ ಕಾರ್ಖಾನೆಗಳಲ್ಲಿ ಎಂಟು ಗಂಟೆಯ ಪಾಳಿ ಬಂದದ್ದು 1923ರಲ್ಲಿ.

★ ಪುಸ್ತಕ ಓದಿಸಿಕೊಳ್ಳುವ ಬೇರೆ ದಾರಿಯೂ ಇತ್ತು. ನ್ಯೂಯಾರ್ಕಿನ ಚುಟ್ಟಾ ಸುತ್ತುವ ಅಂಗಡಿಗಳಲ್ಲಿ ಒಬ್ಬ ಗಟ್ಟಿಯಾಗಿ ಓದುತ್ತಿದ್ದ, ಉಳಿದವರು ಸುತ್ತುತ್ತಾ ಕೇಳುತ್ತಿದ್ದರು. ಓದಿದವನಿಗೆ ಕೂಲಿ ನಷ್ಟವಾಗದಂತೆ ಎಲ್ಲರೂ ತಮ್ಮ ಪಾಲಿನ ಕೆಲವು ಚುಟ್ಟಾ ಅವನ ಲೆಕ್ಕಕ್ಕೆ ಹಾಕುತ್ತಿದ್ದರು. ಹಾಗೆ ಕೇಳುತ್ತಾ ಬೆಳೆದವರಲ್ಲಿ ಲಂಡನ್ನಿನಿಂದ ಬಂದ ಸ್ಯಾಮ್ಯುಯೆಲ್ ಗೊಂಪರ್ಸ್ ಒಬ್ಬ. 1886ರಲ್ಲಿ ಅಮೆರಿಕನ್ ಫೆಡರೇಶನ್ ಆಫ್ ಲೇಬರ್ ಕಟ್ಟಿದವನು. ಇಷ್ಟೆಲ್ಲ ಓದಿಸಿಕೊಂಡವನೂ ಚೀನೀಯರು ಬರಕೂಡದು ಎನ್ನುವುದರಲ್ಲಿ ಮುಂದೆಯೇ ಇದ್ದ.

★ ಮೇ ದಿನ ಹುಟ್ಟಿದ್ದು ಅಮೆರಿಕದಲ್ಲಿ. ಅಮೆರಿಕದಲ್ಲಿ ಅಂದು ರಜೆಯಿಲ್ಲ! ಎಂಟು ಗಂಟೆ ದುಡಿಮೆಗಾಗಿ 1886ರ ಮೇ 1ರಂದು ದೇಶದಾದ್ಯಂತ ಮುಷ್ಕರ ನಡೆಯಿತು. ಮೇ 4ರಂದು ಚಿಕಾಗೋದ ಹೇಮಾರ್ಕೆಟ್ ಸಭೆಯಲ್ಲಿ ಪೊಲೀಸರ ಮೇಲೆ ಬಾಂಬ್ ಬಿತ್ತು. ಎಸೆದವರು ಯಾರೆಂದು ಇಂದಿಗೂ ಗೊತ್ತಿಲ್ಲ, ಆದರೆ ಎಂಟು ಜನರನ್ನು ಅಪರಾಧಿಗಳೆಂದರು. ಅವರಲ್ಲಿ ಆರು ಜನ ವಲಸಿಗರು. ನಾಲ್ವರು ಗಲ್ಲಿಗೇರಿದರು, ಒಬ್ಬ ಜೈಲಿನಲ್ಲೇ ಸತ್ತ. ಉಳಿದ ಮೂವರನ್ನು 1893ರಲ್ಲಿ ಬಿಡುಗಡೆ ಮಾಡಿದ ಗವರ್ನರ್ ಆಲ್ಟ್‌ಗೆಲ್ಡ್ ಕೂಡ ಜರ್ಮನಿಯಲ್ಲಿ ಹುಟ್ಟಿದವನು; ವಿಚಾರಣೆಯೇ ನ್ಯಾಯವಾಗಿ ನಡೆದಿಲ್ಲ ಎಂದು ಬರೆದು ಮುಂದಿನ ಚುನಾವಣೆ ಸೋತ. ಭಾರತದಲ್ಲಿ ಮೊದಲ ಮೇ ದಿನ ನಡೆದದ್ದು 1923ರಲ್ಲಿ, ಮದರಾಸಿನ ಕಡಲ ತೀರದಲ್ಲಿ, ಸಿಂಗಾರವೇಲರ ನೇತೃತ್ವದಲ್ಲಿ.

★ ಹಾಗಾದರೆ ಅಮೆರಿಕದ ಕಾರ್ಮಿಕರಿಗೆ ರಜೆ ಯಾವಾಗ? ಸೆಪ್ಟೆಂಬರಿನ ಮೊದಲ ಸೋಮವಾರ. ಅದಕ್ಕೆ ಅಧ್ಯಕ್ಷ ಕ್ಲೀವ್‌ಲೆಂಡ್ ಸಹಿ ಹಾಕಿದ್ದು 1894ರ ಜೂನ್ 28ರಂದು. ವಾರ ಕಳೆಯುವುದರೊಳಗೆ ಅದೇ ಕ್ಲೀವ್‌ಲೆಂಡ್ ಮುಷ್ಕರ ಮುರಿಯಲು ಚಿಕಾಗೋಕ್ಕೆ ಸೈನ್ಯ ಕಳಿಸಿದ.

ಆ ಮುಷ್ಕರ ನಡೆದದ್ದು ರೈಲಿನ ಮಲಗುವ ಡಬ್ಬಿ ತಯಾರಿಸುತ್ತಿದ್ದ ಜಾರ್ಜ್ ಪುಲ್‌ಮನ್ ವಿರುದ್ಧ. ಅವನು ಕೆಲಸಗಾರರಿಗೆಂದೇ ಒಂದು ಊರು ಕಟ್ಟಿದ್ದ. ಮನೆ ಅವನದು, ಅಂಗಡಿ ಅವನದು, ಚರ್ಚಿನ ಕಟ್ಟಡಕ್ಕೂ ಬಾಡಿಗೆ ಕೇಳುತ್ತಿದ್ದ. 1893ರ ಆರ್ಥಿಕ ಕುಸಿತದ ನಂತರ ಕೂಲಿ ಇಳಿಸಿದ, ಮನೆ ಬಾಡಿಗೆ ಇಳಿಸಲಿಲ್ಲ. ಯೂಜೀನ್ ಡೆಬ್ಸ್ ಮುಂದಾಳುತನದ ರೈಲ್ವೆ ಸಂಘ ಜೂನ್ 26ರಿಂದ ಪುಲ್‌ಮನ್ ಡಬ್ಬಿಯಿರುವ ರೈಲು ಮುಟ್ಟುವುದಿಲ್ಲ ಎಂದಿತು. 1897ರಲ್ಲಿ ಪುಲ್‌ಮನ್ ಸತ್ತಾಗ, ಕೆಲಸಗಾರರು ಸಮಾಧಿ ಕೆಡಿಸಿಯಾರು ಎಂಬ ಭಯಕ್ಕೆ ಮನೆಯವರು ಸೀಸದ ಹೊದಿಕೆಯ ಪೆಟ್ಟಿಗೆಯಲ್ಲಿಟ್ಟು, ಮೇಲೆ ಕಾಂಕ್ರೀಟು ಸುರಿದು, ಉಕ್ಕಿನ ಹಳಿಗಳನ್ನು ಹಾಸಿಸಿದರು.

★ ನಮಗೂ ಆ ಜೂನ್ ತಿಂಗಳ ಚಿಕಾಗೋಕ್ಕೂ ಸಣ್ಣ ನಂಟಿದೆ. ಸ್ವಾಮಿ ವಿವೇಕಾನಂದರು ಮೈಸೂರು ಮಹಾರಾಜ ಚಾಮರಾಜ ಒಡೆಯರಿಗೆ ಬರೆದ ಪ್ರಸಿದ್ಧ ಪತ್ರದ ಮೇಲಿರುವುದು: ಚಿಕಾಗೋ, 23 ಜೂನ್ 1894. ರೈಲುಗಳು ನಿಲ್ಲುವುದಕ್ಕೆ ಮೂರು ದಿನ ಮೊದಲು. ನಿಮ್ಮ ನೆರವಿನಿಂದಲೇ ಈ ದೇಶಕ್ಕೆ ಬರಲಾಯಿತು ಎಂದು ಅರಸರನ್ನು ನೆನೆದಿರುವ ಪತ್ರವದು.

★ ಫೋರ್ಡ್ ಕಾರಿನ ಜೋಡಣೆ ಸಾಲಿಗೆ ಸ್ಫೂರ್ತಿ ಎಲ್ಲಿಯದು? ಚಿಕಾಗೋದ ಕಸಾಯಿಖಾನೆ! ಮೇಲೆ ತೂಗುಬಿಟ್ಟ ಪ್ರಾಣಿ ಸಾಗುತ್ತಿತ್ತು, ನಿಂತಲ್ಲೇ ನಿಂತ ಆಳು ಒಂದೊಂದೇ ಭಾಗ ಕತ್ತರಿಸುತ್ತಿದ್ದ. ಅಲ್ಲಿ ಬಿಚ್ಚುವುದು, ಇಲ್ಲಿ ಕೂಡಿಸುವುದು. ಫೋರ್ಡ್ ಇದನ್ನು ತಾನೇ ಬರೆದುಕೊಂಡಿದ್ದಾನೆ.

★ ಕೊನೆಗೆ ಸ್ಯಾನ್ ಫ್ರಾನ್ಸಿಸ್ಕೋದಲ್ಲೇ ಹುಟ್ಟಿದ ಅಡುಗೆಯವ ವಾಂಗ್ ಕಿಮ್ ಆರ್ಕ್. ಅಪ್ಪ ಅಮ್ಮ ಚೀನೀಯರು. ಚೀನಾಕ್ಕೆ ಹೋಗಿ 1895ರಲ್ಲಿ ಮರಳಿದಾಗ, ನೀನು ಇಲ್ಲಿಯವನಲ್ಲ ಎಂದು ಬಂದರಿನಲ್ಲೇ ತಡೆದು ತಿಂಗಳುಗಟ್ಟಲೆ ಹಡಗುಗಳಲ್ಲಿ ಕೂಡಿಹಾಕಿದರು. ಅವನು ಸುಪ್ರೀಂ ಕೋರ್ಟಿನವರೆಗೆ ಹೋದ. ಅಮೆರಿಕದ ನೆಲದಲ್ಲಿ ಹುಟ್ಟಿದವನು ಅಮೆರಿಕದ ಪ್ರಜೆ ಎಂದು 1898ರ ಮಾರ್ಚ್ 28ರಂದು ತೀರ್ಪು ಬಂತು. ಅಲ್ಲಿ ಹುಟ್ಟುವ ನಮ್ಮವರ ಮಕ್ಕಳ ಪೌರತ್ವಕ್ಕೂ ಆಧಾರ ಇದೇ ತೀರ್ಪು. ಗೆದ್ದ ವಾಂಗ್‌ನನ್ನು ಮೂರೇ ವರ್ಷಗಳಲ್ಲಿ ಟೆಕ್ಸಾಸಿನ ಎಲ್ ಪಾಸೋದಲ್ಲಿ ವಲಸೆ ಅಧಿಕಾರಿಗಳು ಮತ್ತೆ ಹಿಡಿದರು. ಆರೋಪ ಹಳೆಯದೇ.