ಪಾಯಿಂಟ್ ಎರಡರ ಲೆಕ್ಕ

ಪ್ರಾಸ್ಟೇಟ್ ಗ್ರಂಥಿಯನ್ನು ಪೂರ್ತಿ ತೆಗೆದ ಮೇಲೆ ರಕ್ತದಲ್ಲಿ ಪಿಎಸ್‌ಎ ಎಂಬ ಪ್ರೋಟೀನ್ ಕಾಣಿಸಬಾರದು. ಅದನ್ನು ತಯಾರಿಸುವ ಅಂಗವೇ ಹೋಗಿದೆಯಲ್ಲ! ಹಾಗಿದ್ದೂ ಅದು ಮಿಲಿಲೀಟರಿಗೆ 0.2 ನ್ಯಾನೋಗ್ರಾಂ ಮುಟ್ಟಿ, ಎರಡನೇ ಪರೀಕ್ಷೆಯಲ್ಲೂ ಇಳಿಯದಿದ್ದರೆ, ಕ್ಯಾನ್ಸರ್ ಮರಳಿದೆ ಎಂದು ವೈದ್ಯರು ಲೆಕ್ಕಕ್ಕೆ ಹಿಡಿಯುತ್ತಾರೆ.

ಈ 0.2 ಎಷ್ಟು ಸಣ್ಣದು? ನ್ಯಾನೋಗ್ರಾಂ ಎಂದರೆ ಒಂದು ಗ್ರಾಮಿನ ನೂರು ಕೋಟಿಯಲ್ಲಿ ಒಂದು ಪಾಲು. ಮೈಯಲ್ಲಿರುವ ಸುಮಾರು ಮೂರು ಲೀಟರ್ ಪ್ಲಾಸ್ಮಾದ ಪಿಎಸ್‌ಎಯನ್ನೆಲ್ಲ ಒಟ್ಟು ಮಾಡಿದರೂ 600 ನ್ಯಾನೋಗ್ರಾಂ. ಪುಡಿ ಉಪ್ಪಿನ ಒಂದೇ ಒಂದು ಹರಳನ್ನು ನೂರು ಪಾಲು ಮಾಡಿದರೆ, ಅದರಲ್ಲಿ ಹೆಚ್ಚುಕಡಿಮೆ ಒಂದು ಪಾಲಿನ ತೂಕ!

ಇಷ್ಟು ಚೂರಿನ ಹಿಂದೆ ಎಷ್ಟು ಜೀವಕೋಶಗಳಿರಬಹುದು? ಒಂದು ಘನ ಸೆಂಟಿಮೀಟರ್ ಪ್ರಾಸ್ಟೇಟ್ ಕ್ಯಾನ್ಸರ್ ರಕ್ತದ ಪಿಎಸ್‌ಎಯನ್ನು ಮಿಲಿಲೀಟರಿಗೆ ಸುಮಾರು 3.5 ನ್ಯಾನೋಗ್ರಾಂನಷ್ಟು ಏರಿಸುತ್ತದೆ ಎಂದು ಸ್ಟ್ಯಾನ್‌ಫರ್ಡ್‌ನ ಥಾಮಸ್ ಸ್ಟೇಮಿ ತಂಡ 1987ರಲ್ಲಿ ಅಂದಾಜಿಸಿತ್ತು. ಅಷ್ಟು ಗಡ್ಡೆಯಲ್ಲಿ ನೂರು ಕೋಟಿ ಕೋಶಗಳೆಂದು ಹಿಡಿದರೆ, 0.2ರ ಹಿಂದೆ ಐದು ಕೋಟಿಗೂ ಮಿಕ್ಕಿ ಕೋಶಗಳು. ಇದು ಒರಟು ಲೆಕ್ಕ, ನಿಜ. ಆದರೆ ಕೋಟಿಗಟ್ಟಲೆ ಇದ್ದರೂ ಅವು ಕಣ್ಣಿಗೆ ಬೀಳುವುದು ಸುಲಭವಲ್ಲ. ಕ್ಯಾಲಿಫೋರ್ನಿಯಾದಲ್ಲಿ 635 ರೋಗಿಗಳ ಮೇಲೆ ನಡೆದ ಅಧ್ಯಯನದಲ್ಲಿ, ಪಿಎಸ್‌ಎ 0.5ಕ್ಕಿಂತ ಕಡಿಮೆ ಇದ್ದವರ ಪೈಕಿ ನೂರಕ್ಕೆ 38 ಮಂದಿಯಲ್ಲಷ್ಟೇ, ಪ್ರಾಸ್ಟೇಟ್ ಕ್ಯಾನ್ಸರ್ ಕೋಶಗಳನ್ನು ಹುಡುಕುವ ಪಿಎಸ್‌ಎಂಎ ಪೆಟ್ ಸ್ಕ್ಯಾನ್ ರೋಗದ ಜಾಗ ತೋರಿಸಿತು. ಪಿಎಸ್‌ಎ 5 ದಾಟಿದವರಲ್ಲಿ ಅದು 97.

ಹಾಗಾದರೆ ಮುಂದೇನು? ಉತ್ತರ 0.2ರಲ್ಲಿಲ್ಲ, ಅದು ಇಮ್ಮಡಿಯಾಗಲು ಹಿಡಿಯುವ ಕಾಲದಲ್ಲಿದೆ. 0.2 ನೂರನ್ನು ದಾಟಲು ಒಂಬತ್ತು ಸಲ ಇಮ್ಮಡಿಯಾಗಬೇಕು. ಮೂರು ತಿಂಗಳಿಗೊಮ್ಮೆ ಇಮ್ಮಡಿಯಾದರೆ 27 ತಿಂಗಳು ಸಾಕು. ಹದಿನೈದು ತಿಂಗಳಿಗೊಮ್ಮೆಯಾದರೆ ಹನ್ನೊಂದೂಕಾಲು ವರ್ಷ ಬೇಕು. ಈ ಹೊತ್ತಿನ ರಿಪೋರ್ಟಿನಲ್ಲಿ ಮಾತ್ರ ಇಂಥ ಇಬ್ಬರು ರೋಗಿಗಳದೂ ಅದೇ 0.2.

ಬಾಲ್ಟಿಮೋರ್‌ನ ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಆಪರೇಷನ್ ಆದ 1,997 ಮಂದಿಯ ವಿವರ 1999ರಲ್ಲಿ ಪ್ರಕಟವಾಯಿತು. ಪಿಎಸ್‌ಎ ಮತ್ತೆ ಏರಿದರೂ ಬೇಗನೆ ಹಾರ್ಮೋನ್ ಚಿಕಿತ್ಸೆಗೆ ಹೋಗದವರು 304. ಅಧ್ಯಯನ ಮುಗಿಯುವಷ್ಟರಲ್ಲಿ ಇವರಲ್ಲಿ 103 ಮಂದಿಗೆ ರೋಗ ಬೇರೆಡೆಗೆ ಹರಡಿತ್ತು. ಪಿಎಸ್‌ಎ ಏರಿದಲ್ಲಿಂದ ಹರಡುವವರೆಗಿನ ಮಧ್ಯಾಂಕ ಅವಧಿ ಎಂಟು ವರ್ಷ. ಎಪ್ಪತ್ತೆಂಟರ ಹೃದ್ರೋಗಿಗೆ ಈ ಎಂಟು ವರ್ಷ ದೊಡ್ಡ ಗಡುವು. ಐವತ್ತೈದರವರಿಗೆ ತೀರಾ ಕಡಿಮೆ.

ಕಾಯುವುದಕ್ಕೂ ಮಿತಿಯಿದೆ. ಗ್ರಂಥಿಯಿದ್ದ ಜಾಗಕ್ಕೆ ಕೊಡುವ ರೇಡಿಯೇಷನ್, ಪಿಎಸ್‌ಎ 0.5 ಮುಟ್ಟುವ ಮೊದಲೇ ಶುರುವಾದರೆ ಹೆಚ್ಚು ಫಲ ಕೊಡುತ್ತದೆ. ಅಂದರೆ ಚಿಕಿತ್ಸೆ ಬೇಕಾದವರು ಸ್ಕ್ಯಾನ್‌ನಲ್ಲಿ ಕಾಣಿಸಲಿ ಎಂದು ಕಾಯುತ್ತ ಕೂತರೆ ಒಳ್ಳೆಯ ಹೊತ್ತು ಕಳೆದುಹೋಗುತ್ತದೆ.

ರೇಡಿಯೇಷನ್ ಜೊತೆಗೆ ಹಾರ್ಮೋನ್ ತಡೆಯುವ ಮಾತ್ರೆಯೂ ಬೇಕೆ? ಉತ್ತರ ಅಮೆರಿಕದಲ್ಲಿ 760 ಮಂದಿಯ ಮೇಲೆ ನಡೆದು 2017ರಲ್ಲಿ ಫಲಿತಾಂಶ ಬಂದ ಪ್ರಯೋಗದಲ್ಲಿ, ಎರಡು ವರ್ಷ ಬೈಕಲುಟಮೈಡ್ ಎಂಬ ಇಂಥ ಮಾತ್ರೆ ನುಂಗಿದವರಲ್ಲಿ ಹನ್ನೆರಡು ವರ್ಷದ ಬಳಿಕ ಬದುಕಿದ್ದವರು ನೂರಕ್ಕೆ 76, ನುಂಗದವರಲ್ಲಿ 71. ಐದು ಜೀವ ಹೆಚ್ಚು. ಅದಕ್ಕೆ ತೆತ್ತ ಬೆಲೆ: ಮಾತ್ರೆ ನುಂಗಿದ ನೂರರಲ್ಲಿ 70 ಗಂಡಸರಿಗೆ ಎದೆ ಊದಿಕೊಂಡಿತು. ಅಲ್ಲದೆ ಆರಂಭದಲ್ಲಿ ಪಿಎಸ್‌ಎ 0.7ಕ್ಕಿಂತ ಕಡಿಮೆ ಇದ್ದವರ ಗುಂಪಿನಲ್ಲಿ ಆ ಲಾಭವೇ ಕಾಣಲಿಲ್ಲ.

ಆದ್ದರಿಂದ ಆಪರೇಷನ್ ಆದವರು ಪ್ರತಿ ಪಿಎಸ್‌ಎ ರಿಪೋರ್ಟನ್ನೂ ತಾರೀಖಿನ ಸಮೇತ ಜೋಪಾನ ಮಾಡಿ, ಸಾಧ್ಯವಾದಷ್ಟೂ ಒಂದೇ ಲ್ಯಾಬಿನಲ್ಲಿ ಪರೀಕ್ಷೆ ಮಾಡಿಸಿ. ಸಂಖ್ಯೆ ಏರಿತೆಂದು ಎದೆಗುಂದುವ ಮೊದಲು ವೈದ್ಯರನ್ನು ಕೇಳಿ: ಇದು ಎಷ್ಟು ತಿಂಗಳಿಗೆ ಇಮ್ಮಡಿಯಾಗುತ್ತಿದೆ? ನನ್ನ ಗಡ್ಡೆಯ ಉಗ್ರತೆ ಹೇಳುವ ಗ್ಲೀಸನ್ ಸ್ಕೋರ್ ಎಷ್ಟಿತ್ತು? ಈ ವಯಸ್ಸಿಗೆ, ನನಗಿರುವ ಉಳಿದ ಕಾಯಿಲೆಗಳ ನಡುವೆ, ಈ ಚಿಕಿತ್ಸೆಯಿಂದ ಸಿಗುವುದೆಷ್ಟು, ಕಳೆದುಕೊಳ್ಳುವುದೆಷ್ಟು? ಈ ಪ್ರಶ್ನೆಗಳಿಗೆ ಉತ್ತರ ಸಿಕ್ಕ ಮೇಲೆಯೇ ತೀರ್ಮಾನ ಮಾಡಿ.