ಮೊಲಕ್ಕೆ ಸಾಕಾಗೋ ಗುಂಡು ಹಂದಿಗೆ ಸಾಕಾಗಲ್ಲ: .22 ತೋಟಾ ಆಯ್ಕೆಯ ಲೆಕ್ಕ

ಮೆಕ್ಕೆಜೋಳ ತೆನೆ ಕಟ್ಟೋ ಹೊತ್ತಿಗೆ ನಮ್ಮ ವಾಟ್ಸಾಪ್‌ಗೆ ಒಂದೇ ಥರದ ವಿಡಿಯೊಗಳು ಬರೋಕೆ ಶುರುವಾಗುತ್ತವೆ. ಆಸ್ಟ್ರೇಲಿಯದ ಯಾವುದೋ ಹುಲ್ಲುಗಾವಲು, ಪಿಕಪ್ ಗಾಡಿ, ಕೈಯಲ್ಲೊಂದು ಸಣ್ಣ ರೈಫಲ್. ಟಪ್ ಅಂತ ಚಿಕ್ಕ ಸದ್ದು, ದೂರದಲ್ಲಿ ಮೊಲ ಬಿತ್ತು. ವಿಡಿಯೊ ಕೆಳಗೆ ಕಳಿಸಿದವರ ಪ್ರಶ್ನೆ: "ಸಾರ್, ಇದು ನಮ್ಮ ಹಂದಿಗೆ ಆಗುತ್ತಾ?"

ಆಗಲ್ಲ. ಆದ್ರೆ ಯಾಕೆ ಆಗಲ್ಲ ಅಂತ ಗೊತ್ತಾಗಬೇಕಾದ್ರೆ, ಅಲ್ಲಿನ ರೈತ ಆ ಗುಂಡನ್ನ ಯಾವ ಲೆಕ್ಕದಲ್ಲಿ ಆರಿಸ್ತಾನೆ ಅನ್ನೋದು ತಿಳಿದಿರಬೇಕು. ಅರ್ಧಂಬರ್ಧ ತಿಳ್ಕೊಂಡು ಕೋವಿ ಹಿಡಿಯೋದಕ್ಕಿಂತ ಅದೇ ವಾಸಿ.

ಕೇಪಿಲ್ಲದ ತೋಟಾ

ಕಾಲೇಜಿನಲ್ಲಿ ಎನ್‌ಸಿಸಿಗೆ ಹೋದವರು .22 ರೈಫಲ್ ಹಿಡಿದಿರ್ತೀರಿ. ಫೈರಿಂಗ್ ಮುಗಿದ ಮೇಲೆ ಉಸ್ತಾದ್ ಎಣಿಸಿ ವಾಪಸ್ ತಗೋತಿದ್ದ ಪುಟಾಣಿ ಹಿತ್ತಾಳೆ ಕೇಸ್ ನೆನಪಿದೆಯಾ? ಅದೇ ರಿಮ್‌ಫೈರ್ ತೋಟಾ. ಮಲೆನಾಡಿನ ಮನೆಗಳಲ್ಲಿರುವ 12 ಬೋರ್ ಕೋವಿಯ ತೋಟಾ ತಿರುಗಿಸಿ ನೋಡಿದ್ರೆ ತಳದ ನಟ್ಟನಡುವೆ ಕೇಪು ಕಾಣುತ್ತೆ. .22ರಲ್ಲಿ ಅದಿಲ್ಲ. ಸಿಡಿಯೋ ಮದ್ದು ತಳದ ಅಂಚಿನ ಮಡಿಕೆಯೊಳಗೇ ಇರುತ್ತೆ, ಕೋವಿಯ ಪಿನ್ನು ಬಂದು ಆ ಅಂಚನ್ನ ಜಜ್ಜುತ್ತೆ.

ಅಂಚು ಜಜ್ಜಬೇಕಂದ್ರೆ ಹಿತ್ತಾಳೆ ತೆಳ್ಳಗಿರಬೇಕು. ತೆಳ್ಳಗಿದ್ರೆ ಜಾಸ್ತಿ ಒತ್ತಡ ತಡೆಯಲ್ಲ. ರಿಮ್‌ಫೈರ್‌ನ ಶಕ್ತಿಗೆ ಮಿತಿ ಬಿದ್ದಿರೋದು ಇಲ್ಲೇ. ಖಾಲಿ ಕೇಸಿಗೆ ಮತ್ತೆ ಮದ್ದು ತುಂಬೋದೂ ವಾಡಿಕೆಯಲ್ಲಿಲ್ಲ. ಲಾಭ ಏನಪ್ಪಾ ಅಂದ್ರೆ, ಬೆಲೆ ಕಡಿಮೆ, ಸದ್ದು ಕಡಿಮೆ, ಭುಜಕ್ಕೆ ಒದೆತ ಇಲ್ಲವೇ ಇಲ್ಲ ಅನ್ನಬಹುದು.

ಅಲ್ಲಿನ ಮೊಲ ನಮ್ಮ ಮೊಲ ಅಲ್ಲ

1859ರಲ್ಲಿ ಥಾಮಸ್ ಆಸ್ಟಿನ್ ಅನ್ನೋ ಜಮೀನ್ದಾರ ಇಂಗ್ಲೆಂಡಿನಿಂದ ಎರಡು ಡಜನ್‌ನಷ್ಟು ಮೊಲ ತರಿಸಿ ವಿಕ್ಟೋರಿಯಾದ ತನ್ನ ಬಾರ್ವನ್ ಪಾರ್ಕ್ ಎಸ್ಟೇಟಿನಲ್ಲಿ ಬಿಟ್ಟ. ಶೋಕಿ ಬೇಟೆಗೆ ಅಂತ! ಅವು ಹಬ್ಬಿ ಕುರಿಗಳ ಮೇವನ್ನೇ ನುಂಗಿದವು. 1950ರಲ್ಲಿ ಮಿಕ್ಸೊಮಾ ವೈರಸ್ ಬಿಟ್ಟರು, 1995ರಲ್ಲಿ ಕ್ಯಾಲಿಸಿವೈರಸ್ ಹಬ್ಬಿತು, ಆದ್ರೂ ಮೊಲ ಮುಗಿದಿಲ್ಲ. ಈಗಲೂ ಬಿಲಗಳನ್ನ ಟ್ರ್ಯಾಕ್ಟರಿನಲ್ಲಿ ಉತ್ತು ಒಡೆಯೋದೇ ಮುಖ್ಯ ಕೆಲಸ, ಗುಂಡು ಹೊಡೆಯೋದು ಉಳಿದ ನಾಲ್ಕಾರು ಮೊಲಕ್ಕೆ. ವಿಡಿಯೊದಲ್ಲಿ ಉಳುಮೆ ತೋರಿಸಲ್ಲ, ಯಾರೂ ನೋಡಲ್ಲ ಅಂತ ಇರಬೇಕು.

ಈಗ ತೋಟಾ ಆಯ್ಕೆಗೆ ಬರೋಣ. ಅಲ್ಲಿನ ರೈತನ ಮುಂದೆ ಮುಖ್ಯವಾಗಿ ಮೂರು ಬಗೆ ಇರುತ್ತವೆ.

ಹಳೇದು .22 ಲಾಂಗ್ ರೈಫಲ್, 1887ರಿಂದ ಇದೆ. ಸಾಮಾನ್ಯ ಗುಂಡಿನ ತೂಕ 40 ಗ್ರೇನ್, ಅಂದ್ರೆ ಸುಮಾರು 2.6 ಗ್ರಾಂ. ಇದರಲ್ಲೇ ವೇಗದ ಪ್ರಕಾರ ಬೇರೆ ಬೇರೆ ಡಬ್ಬಿ ಸಿಗುತ್ತವೆ. ಸಬ್‌ಸಾನಿಕ್ ಅಂತ ಬರೆದಿರೋದು ಸೆಕೆಂಡಿಗೆ ಸುಮಾರು 320 ಮೀಟರ್ ಹೋಗುತ್ತೆ. ಶಬ್ದದ ವೇಗ ಸುಮಾರು 340 ಮೀಟರ್. ಗುಂಡು ಅದಕ್ಕಿಂತ ನಿಧಾನ ಇದ್ರೆ ಗಾಳಿಯಲ್ಲಿ ಚಟೀರ್ ಅನ್ನೋ ಸದ್ದು ಹುಟ್ಟಲ್ಲ. ಒಂದು ಮೊಲ ಬಿದ್ರೂ ಪಕ್ಕದ್ದು ಕಿವಿ ನಿಮಿರಿಸಿ ಕೂತಿರುತ್ತೆ. ಹೈ ವೆಲಾಸಿಟಿ ಅನ್ನೋದು ಸುಮಾರು 380 ಮೀಟರ್ ಹೋಗುತ್ತೆ. ಇನ್ನೂ ಹಗುರ ಗುಂಡಿನ ಕೆಲವು ಬಗೆ 500 ಮುಟ್ಟುತ್ತವೆ.

ವೇಗದ್ದೇ ಒಳ್ಳೇದು ಅಂದ್ಕೊಂಡ್ರಾ? ಹೆಚ್ಚಿನವರು ಎಡವೋದು ಇಲ್ಲೇ. ಶಬ್ದದ ವೇಗದ ಆಸುಪಾಸಿನಲ್ಲಿ ಗಾಳಿಯ ಎಳೆತ ಸಿಕ್ಕಾಪಟ್ಟೆ ಜಾಸ್ತಿ. ಹೈ ವೆಲಾಸಿಟಿ ಗುಂಡು ಹೊರಟ ವೇಗವನ್ನ ದಾರಿಯಲ್ಲೇ ಬೇಗ ಕಳ್ಕೊಳ್ಳುತ್ತೆ, ಹಾಗಾಗಿ ಅಡ್ಡಗಾಳಿಗೆ ಸಬ್‌ಸಾನಿಕ್‌ಗಿಂತ ಹೆಚ್ಚೇ ಸರಿಯುತ್ತೆ. 50 ಮೀಟರಿನೊಳಗೆ ಮೊಲ ಹೊಡೆಯೋನು ನಿಧಾನದ ಗುಂಡನ್ನೇ ಆರಿಸೋದು ಇದಕ್ಕೇ. ಅದಕ್ಕಿಂತ ದೂರಕ್ಕೆ ಹೋದ್ರೆ ಗುಂಡು ಕೆಳಗಿಳಿಯುತ್ತೆ: 50 ಮೀಟರಿಗೆ ಗುರಿ ಹೊಂದಿಸಿದ .22, 100 ಮೀಟರಿನಲ್ಲಿ ಅರ್ಧ ಅಡಿ ಕೆಳಗೆ. ಮೊಲದ ತಲೆಯೇ ಅಷ್ಟು ದೊಡ್ಡದಿಲ್ಲ.

ಎರಡನೇದು .22 ಮ್ಯಾಗ್ನಮ್, 1959ರಲ್ಲಿ ವಿಂಚೆಸ್ಟರ್ ತಂದದ್ದು. ಅದೇ 40 ಗ್ರೇನ್ ಗುಂಡು, ವೇಗ ಮಾತ್ರ ಸುಮಾರು 570 ಮೀಟರ್. ಕುರಿಮರಿ ಹೊತ್ತೊಯ್ಯೋ ನರಿಗೆ, ಅದೂ ನೂರು ಮೀಟರಿನೊಳಗೆ ಬಂದ್ರೆ, ಇದನ್ನ ಬಳಸ್ತಾರೆ. ಮಧ್ಯಮ ಗಾತ್ರದ ಪ್ರಾಣಿಗೆ ರಿಮ್‌ಫೈರ್ ಅಂದ್ರೆ ಹೆಚ್ಚುಕಡಿಮೆ ಇಲ್ಲಿಗೇ ನಿಂತಿತು. ಇದರ ತೋಟಾ ಉದ್ದ, ಸ್ವಲ್ಪ ದಪ್ಪ ಕೂಡ. ಲಾಂಗ್ ರೈಫಲ್‌ಗೆ ಹಾಕೋಕಾಗಲ್ಲ.

ಮೂರನೇದು .17 ಎಚ್‌ಎಂಆರ್, 2002ರಲ್ಲಿ ಹಾರ್ನಡಿ ಕಂಪನಿ ತಂದದ್ದು. ಗುಂಡು ಬರೀ 17 ಗ್ರೇನ್, 1.1 ಗ್ರಾಂ. ವೇಗ 775 ಮೀಟರ್ ಮೇಲೆ. 100 ಮೀಟರಿಗೆ ಗುರಿ ಹೊಂದಿಸಿದ್ರೆ 150ರಲ್ಲಿ ಎರಡೂವರೆ ಮೂರು ಇಂಚು ಅಷ್ಟೇ ಇಳಿಯುತ್ತೆ. ದೂರದ ಮೊಲಕ್ಕೆ ಸರಿ. ಆದ್ರೆ ಒಳಗೆ ಹೋಗಿ ಪುಡಿಯಾಗುತ್ತೆ, ಮೈಗೆ ಬಿದ್ರೆ ಮಾಂಸ ತಿನ್ನೋ ಹಾಗಿರಲ್ಲ.

ಗುಂಡಿನ ಮೂತಿ ನೋಡಿ

ಗಟ್ಟಿ ಮೂತಿಯ ಸೀಸದ ಗುಂಡು ಸೂಜಿ ಥರ ತೂರಿ ಆಚೆ ಹೋಗುತ್ತೆ. ಮೊಲ ಬಿಲದೊಳಗೆ ಓಡಿ ಗಂಟೆಗಟ್ಟಲೆ ಒದ್ದಾಡಿ ಸಾಯುತ್ತೆ. ಹಾಲೋ ಪಾಯಿಂಟ್‌ನಲ್ಲಿ ಮೂತಿಗೊಂದು ಗುಳಿ ಇರುತ್ತೆ, ತಗುಲಿದ ಕೂಡಲೇ ಅರಳುತ್ತೆ, ಶಕ್ತಿಯೆಲ್ಲ ಒಳಗೇ ಖರ್ಚಾಗುತ್ತೆ. ಪ್ರಾಣಿಗೆ ಹಾಲೋ ಪಾಯಿಂಟ್, ಕಾಗದದ ಗುರಿಗೆ ಗಟ್ಟಿ ಮೂತಿ ಅನ್ನೋದು ಬಳಸೋರ ರೂಢಿ. ಸೀಸದ ಚೂರು ಮಾಂಸದಲ್ಲಿ ಉಳಿಯೋದೂ ಒಂದು ತಲೆನೋವು. ಕ್ಯಾಲಿಫೋರ್ನಿಯಾದಲ್ಲಿ 2019ರ ಜುಲೈನಿಂದ ಬೇಟೆಗೆ ಸೀಸದ ಗುಂಡು ಬಳಸೋ ಹಾಗೇ ಇಲ್ಲ.

ಕೊನೆಗೆ ಯಾವ ಡಬ್ಬಿ ಅನ್ನೋದನ್ನ ತೀರ್ಮಾನಿಸೋದು ರೈಫಲ್. ಒಂದೇ ಕಂಪನಿಯ ಒಂದೇ ಮಾದರಿಯ ಎರಡು ರೈಫಲ್‌ಗೂ ಒಂದೇ ಗುಂಡು ಹಿಡಿಸಲ್ಲ. ಮೂರ್ನಾಲ್ಕು ಬಗೆಯ ಒಂದೊಂದು ಡಬ್ಬಿ ತಂದು, ಗಾಳಿ ಇಲ್ಲದ ಬೆಳಗ್ಗೆ 50 ಮೀಟರಿನಲ್ಲಿ ಐದೈದು ಗುಂಡು ಹೊಡೆದು, ಯಾವುದರ ತೂತುಗಳು ಹತ್ತಿರ ಹತ್ತಿರ ಬಿದ್ದವೋ ಅದನ್ನೇ ಇಟ್ಕೊಳ್ತಾರೆ. ನಾವು ಬೀಜದ ತಳಿಯನ್ನ ಮೊದಲು ಒಂದು ಮಡಿಗೆ ಹಾಕಿ ನೋಡ್ತೀವಲ್ಲ, ಹಾಗೆ.

ಈಗ ಹಂದಿ ವಿಷಯ

.22 ಲಾಂಗ್ ರೈಫಲ್ ಗುಂಡು ಹೊರಡೋವಾಗಿನ ಶಕ್ತಿ ಹೆಚ್ಚೆಂದ್ರೆ ಇನ್ನೂರು ಜೂಲ್ ಆಸುಪಾಸು. ಮ್ಯಾಗ್ನಮ್‌ದು ಸುಮಾರು 420. ಇಂಗ್ಲೆಂಡಿನ 1991ರ ಜಿಂಕೆ ಕಾಯ್ದೆ ಪ್ರಕಾರ ಹೆಚ್ಚಿನ ಜಾತಿಯ ಜಿಂಕೆಗಳಿಗೆ ರೈಫಲ್‌ನಲ್ಲಿ ಕನಿಷ್ಠ 2,300 ಜೂಲ್ ಇರಲೇಬೇಕು. ಮ್ಯಾಗ್ನಮ್ ಅದರ ಐದನೇ ಒಂದು ಭಾಗವೂ ಇಲ್ಲ. ಇನ್ನು ಸಲಗ ಹಂದಿಯ ಭುಜದ ಮೇಲೆ ಗುರಾಣಿ ಥರ ದಪ್ಪ ಚರ್ಮ. ಅಲ್ಲಿಗೆ .22 ಬಿದ್ರೆ ಹಂದಿ ಸಾಯಲ್ಲ, ಗಾಯ ಮಾಡ್ಕೊಂಡು ಕಬ್ಬಿನ ಗದ್ದೆ ಹೊಕ್ಕುತ್ತೆ. ಬೆಳಗ್ಗೆ ಅದೇ ಗದ್ದೆ ಬದುವಿಗೆ ಹುಲ್ಲು ಕೊಯ್ಯೋಕೆ ಹೋಗೋರು ನಮ್ಮನೆ ಅಮ್ಮನೋ ಅಕ್ಕನೋ.

ಗುರಿ ತಪ್ಪಿದ ಗುಂಡಿನ ಕಥೆ ಬೇರೆ. .22 ಡಬ್ಬಿಗಳ ಮೇಲೆ ಒಂದೂವರೆ ಮೈಲಿವರೆಗೆ ಅಪಾಯ ಅಂತ ಎಚ್ಚರಿಕೆ ಬರೆದಿರುತ್ತಾರೆ, ಅಂದ್ರೆ 2.4 ಕಿಲೋಮೀಟರ್. ಕಲ್ಲಿಗೋ ಗಟ್ಟಿ ನೆಲಕ್ಕೋ ಬಡಿದ್ರೆ ಪುಟಿದು ಹಾರೋದರಲ್ಲೂ ಇದು ಕುಖ್ಯಾತ. ಆಸ್ಟ್ರೇಲಿಯದ ಹುಲ್ಲುಗಾವಲಿನಲ್ಲಿ ಅಷ್ಟು ದೂರ ಒಂದು ಮನೆಯೂ ಇಲ್ಲದಿರಬಹುದು. ನಮ್ಮಲ್ಲಿ ರಾತ್ರಿ ತ್ರೀ ಫೇಸ್ ಕರೆಂಟ್ ಬಂದಾಗ ಅದೇ ದೂರದೊಳಗೆ ಎಷ್ಟು ಜನ ಟಾರ್ಚ್ ಹಿಡಿದು ನೀರು ಕಟ್ತಿರ್ತಾರೆ ಅಂತ ಒಂದ್ಸಲ ಎಣಿಸಿ.

ಕಾನೂನು ಏನು ಹೇಳುತ್ತೆ? 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಲ್ಲಿ ನಮ್ಮ ಕಾಡುಮೊಲ, ಹಂದಿ, ನವಿಲು ಎಲ್ಲಕ್ಕೂ ರಕ್ಷಣೆ ಇದೆ. ಬೆಳೆಗೆ ಹಾನಿ ಮಾಡೋ ಹಂದಿ ವಿಚಾರದಲ್ಲಿ 11ನೇ ಸೆಕ್ಷನ್ ಪ್ರಕಾರ ಮುಖ್ಯ ವನ್ಯಜೀವಿ ಪರಿಪಾಲಕರು ಅಥವಾ ಅವರು ಅಧಿಕಾರ ಕೊಟ್ಟ ಅಧಿಕಾರಿ ಕಾರಣ ಬರೆದು, ಲಿಖಿತ ಅನುಮತಿ ಕೊಡಬಹುದು. ಆ ಕಾಗದ ಇಲ್ಲದೆ ಹೊಡೆದ್ರೆ 3 ವರ್ಷದವರೆಗೆ ಜೈಲು, 1 ಲಕ್ಷ ರೂಪಾಯಿವರೆಗೆ ದಂಡ. ನವಿಲು ಒಂದನೇ ಪಟ್ಟಿಯದು, ಶಿಕ್ಷೆ ಇನ್ನೂ ಹೆಚ್ಚು. ಬೆಳೆ ರಕ್ಷಣೆ ಲೈಸೆನ್ಸ್ ಇದೆಯಲ್ಲ ಅಂತ ಕೆಲವರು ಕೇಳ್ತಾರೆ. ಅದು ಶಸ್ತ್ರಾಸ್ತ್ರ ಕಾಯ್ದೆಯಡಿ ಕೋವಿ ಇಟ್ಕೊಳ್ಳೋಕೆ ಕೊಟ್ಟದ್ದು, ಪ್ರಾಣಿ ಹೊಡೆಯೋಕೆ ಅಲ್ಲ. ಕೊಡಗಿನವರಿಗೆ ಇರೋ ವಿನಾಯಿತಿಯೂ ಕೋವಿಯ ಲೈಸೆನ್ಸ್ ವಿಚಾರದಲ್ಲಿ ಮಾತ್ರ. ಲೈಸೆನ್ಸ್ ಬೇಡದ ಏರ್‌ಗನ್ ಆನ್‌ಲೈನ್‌ನಲ್ಲಿ ಸಿಗುತ್ತೆ ನಿಜ, ಅದರಲ್ಲಿ ಮೊಲ ಹೊಡೆದ್ರೂ ಕೇಸ್ ಬೇಟೆದೇ.

ಹಂದಿ ನುಗ್ಗಿದ ರಾತ್ರಿ ಕಳೆದ ಮೇಲೆ ಹೆಜ್ಜೆ ಗುರುತು, ಮುರಿದ ದಂಟು, ಸರ್ವೆ ನಂಬರ್ ಇರೋ ಪಹಣಿ ಮೂರನ್ನೂ ಮೊಬೈಲ್‌ನಲ್ಲಿ ಫೋಟೊ ತೆಗೆದಿಟ್ಕೊಳ್ಳಿ. ಲೊಕೇಶನ್ ಆನ್ ಇರಲಿ. ಅನುಮತಿಗೆ ಅರ್ಜಿ ಕೊಡೋದಿರಲಿ, ಪರಿಹಾರ ಕೇಳೋದಿರಲಿ, ವಲಯ ಅರಣ್ಯಾಧಿಕಾರಿ ಕಚೇರಿಯಲ್ಲಿ ಮೊದಲು ಕೇಳೋದು ಇವನ್ನೇ.

ಮುಂದಿನ ವಾರ: ಹಂದಿಗೆ ಸೋಲಾರ್ ಬೇಲಿ ಹಾಕುವಾಗ ಕೆಳಗಿನ ತಂತಿ ನೆಲದಿಂದ ಎಷ್ಟು ಎತ್ತರ ಇರಬೇಕು?