ಉತ್ತರ ಒಂದೇ, ದಾರಿ ಮಕ್ಕಳದು

ಮುಳಬಾಗಿಲು ತಾಲ್ಲೂಕಿನ ವಡ್ಡಹಳ್ಳಿ ಟೊಮೆಟೊ ಮಂಡಿಯಲ್ಲಿ ವ್ಯಾಪಾರ ನಡೆಯುವುದು 15 ಕೆ.ಜಿ. ಬಾಕ್ಸಿನ ಲೆಕ್ಕದಲ್ಲಿ. ಎಂಟು ಬಾಕ್ಸಿನ ತೂಕವೆಷ್ಟು ಎಂದು ನಾಲ್ಕನೇ ತರಗತಿಯ ಮಕ್ಕಳನ್ನು ಕೇಳಿ. ಮಗ್ಗಿ ಬಂದವರು ಥಟ್ಟನೆ 120 ಎಂದಾರು. ಬಾರದವರು ಎರಡಕ್ಕೆ 30, ನಾಲ್ಕಕ್ಕೆ 60, ಎಂಟಕ್ಕೆ 120 ಎಂದು ದುಪ್ಪಟ್ಟು ಮಾಡುತ್ತಾ ಹೋದಾರು. ಎಂಟ್ಹತ್ಲೆ ಎಂಬತ್ತು, ಎಂಟೈದ್ಲೆ ನಲವತ್ತು ಎಂದು ಬಿಡಿಸಿ ಕೂಡುವವರೂ ಇದ್ದಾರು. ಮೇಷ್ಟ್ರು ‘ಹೇಳಿಕೊಟ್ಟ ಹಾಗೇ ಮಾಡು’ ಎಂದರೆ ಉಳಿಯುವುದು ಒಂದೇ ದಾರಿ. ‘ಹೇಗೆ ಬಂತು, ಹೇಳು’ ಎಂದರೆ ಮೂರೂ ಇಡೀ ತರಗತಿಯ ಸೊತ್ತು.

ಈ ಎರಡನೆಯ ಮಾತಿಗೆ ಶಿಕ್ಷಣತಜ್ಞರು ಸ್ವಾಯತ್ತತೆಗೆ ಬೆಂಬಲ ಎನ್ನುತ್ತಾರೆ. ತನ್ನ ಕೆಲಸ ತನ್ನದೇ ಎನ್ನಿಸುವುದು, ತನ್ನಿಂದಾದೀತೆಂಬ ನಂಬಿಕೆ, ಜೊತೆಗಿರುವವರ ಒಲವು, ಇವು ಕಲಿಕೆಯ ಹಂಬಲಕ್ಕೆ ಆಧಾರವೆಂದು ಅಮೆರಿಕದ ಮನೋವಿಜ್ಞಾನಿಗಳಾದ ಎಡ್ವರ್ಡ್ ಡೆಸಿ, ರಿಚರ್ಡ್ ರಯಾನ್ ವಾದಿಸಿದರು. 1985ರಲ್ಲಿ ಅದನ್ನು ಪುಸ್ತಕವಾಗಿಯೇ ವಿಸ್ತರಿಸಿದರು. ಹಾಗೆಂದು ಬೆಂಬಲ ಕೊಟ್ಟ ಮರುದಿನವೇ ಅಂಕ ಏರುವುದಿಲ್ಲ. ಮೊದಲು ಭಯ ಇಳಿಯಬೇಕು, ತಪ್ಪಿದರೂ ಮತ್ತೆ ಕೂತು ಬಿಡಿಸುವ ಹಟ ಬರಬೇಕು. ಇನ್ನೊಂದು ತೊಡಕೂ ಉಂಟು: ಚುರುಕಾದವರಿಗೆ ಸಲಿಗೆ, ಹಿಂದುಳಿದವರಿಗೆ ಅಪ್ಪಣೆ ಎಂಬ ರೂಢಿ ಬೆಳೆದರೆ, ಸ್ವಾತಂತ್ರ್ಯ ತೀರಾ ಬೇಕಾದವರಿಗೇ ಅದು ಸಿಗುವುದಿಲ್ಲ.

ಸ್ವಾಯತ್ತತೆ ನಮ್ಮ ಶಾಲೆಗಳಿಗೆ ಹೊಸದೇನಲ್ಲ. ಗಡಿಯಾಚೆ, ಆಂಧ್ರದ ಮದನಪಲ್ಲೆ ಬಳಿಯ ರಿಷಿ ವ್ಯಾಲಿ ಶಾಲೆಯ ಪ್ರಯೋಗವನ್ನು ನೋಡಿಬಂದ ಮೈಸೂರು ಜಿಲ್ಲೆಯ ಹೆಗ್ಗಡದೇವನಕೋಟೆಯ ಶಿಕ್ಷಕರು 1995ರಲ್ಲಿ ಯುನಿಸೆಫ್ ನೆರವಿನಿಂದ ನಲಿ-ಕಲಿ ಎಂಬ ಕಲಿಕಾ ಪದ್ಧತಿ ಆರಂಭಿಸಿದರು. 2009–10ರಲ್ಲಿ ಅದು ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳ ಒಂದು, ಎರಡನೇ ತರಗತಿಗೆ ಬಂತು. ಹೀಗೆ ನೆರೆಮನೆಯ ವಿಚಾರ ಮೈಸೂರು ಸೀಮೆಯನ್ನು ಸುತ್ತಿ ಮುಳಬಾಗಿಲು ಸೇರಿತು! ನಲಿ-ಕಲಿಯಲ್ಲಿ ಮಗು ಹಂತಹಂತದ ಕಲಿಕಾ ಏಣಿಯನ್ನು ತನ್ನ ವೇಗದಲ್ಲೇ ಹತ್ತುತ್ತದೆ. ರಜೆ ಹಾಕಿ ಬಂದರೂ ಬಿಟ್ಟಲ್ಲಿಂದಲೇ ಮುಂದುವರಿಯುತ್ತದೆ. ಮಕ್ಕಳು ‘ತಟ್ಟೆ’ ಎಂಬ ಗುಂಪುಗಳಲ್ಲಿ ಕೂರುತ್ತಾರೆ: ಒಂದು ತಟ್ಟೆಯ ಮಕ್ಕಳಿಗೆ ಶಿಕ್ಷಕರ ಪೂರ್ತಿ ನೆರವು, ಇನ್ನೊಂದಕ್ಕೆ ಗೆಳೆಯರ ನೆರವು, ಮತ್ತೊಂದರಲ್ಲಿ ಸ್ವಕಲಿಕೆ. ಸ್ವಾತಂತ್ರ್ಯವೆಂದರೆ ಕೈಬಿಡುವುದಲ್ಲ ಎಂಬುದು ಈ ವ್ಯವಸ್ಥೆಯಲ್ಲೇ ಇದೆ.

ನಲಿ-ಕಲಿಯ ತರಗತಿಗಳನ್ನು ದಾಟಿ ನಾಲ್ಕನೆಯದಕ್ಕೆ ಬಂದ ಮಕ್ಕಳ ಎದುರು ಪಠ್ಯಪುಸ್ತಕ, ಕಪ್ಪು ಹಲಗೆ. ಭಿನ್ನರಾಶಿ, ದೊಡ್ಡ ಭಾಗಾಕಾರ ಕಾಡುವುದೂ ಈ ಹಂತದಲ್ಲೇ. ಗಣಿತ ಕಲಿಕಾ ಆಂದೋಲನ ಎಂಬ ಕಾರ್ಯಕ್ರಮದಡಿ ಶಾಲೆಗೆ ಬಂದ ಕಲಿಕೋಪಕರಣಗಳ ಕಿಟ್ ಬೀರುವಿನಿಂದ ಹೊರಬಂದು ಮಕ್ಕಳ ಕೈ ಸೇರಬೇಕಾದದ್ದು ಆಗಲೇ. ಮನೆಮಾತು ತೆಲುಗಾಗಿರುವ ಮಕ್ಕಳು ಮುಳಬಾಗಿಲಿನಲ್ಲಿ ಬಹಳ. ಅವರು ಲೆಕ್ಕದ ಜಾಡನ್ನು ಮೊದಲು ತೆಲುಗಿನಲ್ಲೇ ವಿವರಿಸಲಿ, ಕನ್ನಡದ ಹೆಸರುಗಳು ಆಮೇಲೆ ಬಂದಾವು. ಪರೀಕ್ಷೆಯಲ್ಲಿ ಬೇರೆ ದಾರಿ ಹಿಡಿದು ಸರಿಯುತ್ತರ ಮುಟ್ಟಿದವರಿಗೂ ಪೂರ್ತಿ ಅಂಕ ಬೀಳಲಿ. ಇದಕ್ಕೆ ಹೊಸ ಅನುದಾನ ಬೇಕಿಲ್ಲ, ಮೌಲ್ಯಮಾಪನದ ಕಟ್ಟುಪಾಡು ಸಡಿಲವಾದರೆ ಸಾಕು.